ಕಡಿಮೆ ಖರ್ಚಿನಲ್ಲಿ ಎರಡು ಮಾನಿಟರ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನ ಹತ್ತಿರ ಬಂದಾಗ ಕಲಬುರಗಿಯ ಯಾವುದಾದರೂ ದಾಲ್ ಮಿಲ್ಲಿನ ಕಚೇರಿಯಲ್ಲಿ ಲೆಕ್ಕ ಬರೆಯುವವರ ಕಂಪ್ಯೂಟರ್ ನೋಡಬೇಕು. ಮುಂದೆ ಲೆಕ್ಕದ ತಂತ್ರಾಂಶ ಟ್ಯಾಲಿ, ಅದರ ಹಿಂದೆ ಜಿಎಸ್‌ಟಿ ಪೋರ್ಟಲ್, ಅದರ ಹಿಂದೆ ಬ್ಯಾಂಕ್ ಸ್ಟೇಟ್‌ಮೆಂಟ್, ಎಲ್ಲಕ್ಕೂ ಹಿಂದೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಬಿಲ್ಲಿನ ಫೋಟೊ. ಒಂದು ಕಡೆಯ ಮೊತ್ತವನ್ನು ಬಾಯಲ್ಲೇ ಗುನುಗಿಕೊಳ್ಳುತ್ತ ವಿಂಡೋ ಬದಲಿಸಿ ಇನ್ನೊಂದು ಕಡೆ ಒತ್ತುವಷ್ಟರಲ್ಲಿ 69 ಹೋಗಿ 96 ಆಗಿರುತ್ತದೆ. ಕಲ್ಯಾಣ ಕರ್ನಾಟಕದವರ 371(ಜೆ) ಮೀಸಲಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ನೇಮಕಾತಿ ಎಂದು ದಿನವಿಡೀ ಅರ್ಜಿ ತುಂಬುವ ಆನ್‌ಲೈನ್ ಸೆಂಟರ್‌ಗಳದ್ದೂ ಇದೇ ಪಾಡು. ಅಂಕಪಟ್ಟಿಯ ಸ್ಕ್ಯಾನ್ ನೋಡಿದರೆ ನಮೂನೆ ಕಾಣದು, ನಮೂನೆ ನೋಡಿದರೆ ಅಂಕಪಟ್ಟಿ ಕಾಣದು. ಇಂಥವರಿಗೆ ಎರಡನೇ ಮಾನಿಟರ್ ಷೋಕಿಯ ವಸ್ತುವಲ್ಲ.

ಆದರೆ ಅಂಗಡಿಗೆ ಹೋಗಿ ಎರಡು ಮಾನಿಟರ್ ಬೇಕೆಂದರೆ ಸಾಮಾನ್ಯವಾಗಿ ಬರುವ ಮೊದಲ ಉತ್ತರ, "ಹಾಗಿದ್ದರೆ ಗ್ರಾಫಿಕ್ಸ್ ಕಾರ್ಡ್ ಹಾಕಲೇಬೇಕು ಸರ್." ಅಂದರೆ ಚಿತ್ರ ಮೂಡಿಸಲೆಂದೇ ಇರುವ ಪ್ರತ್ಯೇಕ ಬಿಡಿಭಾಗ. ಸ್ವಲ್ಪ ಹೊತ್ತು ನಿಂತರೆ ಮಾತು ಇನ್ನೂ ಮುಂದಕ್ಕೆ ಹೋಗಿ, ಹಳೆಯ ಮಷೀನು ತೆಗೆದು ಹೊಸದನ್ನೇ ಕಟ್ಟಿಸಿ ಎನ್ನುವವರೆಗೂ ಬರುತ್ತದೆ. ಲೆಕ್ಕ, ಅರ್ಜಿ, ಡಿಟಿಪಿ, ಆನ್‌ಲೈನ್ ಪಾಠದಂಥ ಕೆಲಸಕ್ಕೆ ಈ ಎರಡೂ ಬಹುಪಾಲು ಅನಗತ್ಯ. ಎರಡನೇ ಪರದೆ ಕಂಪ್ಯೂಟರಿನಿಂದ ಕೇಳುವುದು ಇನ್ನೊಂದು ಪೋರ್ಟನ್ನು, ಅಂದರೆ ತಂತಿ ಚುಚ್ಚುವ ಕಿಂಡಿಯನ್ನು ಮಾತ್ರ. ಹೆಚ್ಚಿನ ಶಕ್ತಿಯನ್ನು ಕೇಳುವುದು ಆ ಪರದೆಯ ಮೇಲೆ ನೀವು ತೆರೆದಿಡುವ ಕೆಲಸ. ಈ ಎರಡನ್ನು ಬೇರ್ಪಡಿಸಿ ನೋಡಿದರೆ ದುಡ್ಡು ಎಲ್ಲಿಗೆ ಹೋಗಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080, ಒಟ್ಟು ಸುಮಾರು 20.7 ಲಕ್ಷ ಚುಕ್ಕೆಗಳು. ಒಂದೊಂದು ಚುಕ್ಕೆಯ ಬಣ್ಣವನ್ನು ನೆನಪಿಡಲು ನಾಲ್ಕು ಬೈಟ್ ಎಂದರೆ ಇಡೀ ಪರದೆಯ ಚಿತ್ರಕ್ಕೆ ಬೇಕಾಗುವುದು ಸುಮಾರು 8.3 ಎಂಬಿ. ಸೆಕೆಂಡಿಗೆ 60 ಬಾರಿ ಆ ಚಿತ್ರವನ್ನು ಮಾನಿಟರಿಗೆ ಕಳಿಸುವುದೆಂದರೆ 500 ಎಂಬಿ. ಎರಡು ಪರದೆಗೆ ಒಂದು ಜಿಬಿ. ಇದು ದೊಡ್ಡ ಸಂಖ್ಯೆ ಎನ್ನಿಸಬಹುದು, ಆದರೆ 3200 ವೇಗದ ಒಂದೇ ಒಂದು ಡಿಡಿಆರ್4 ರ‍್ಯಾಮ್ ಪಟ್ಟಿ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು. ಅಂದರೆ ಎರಡೂ ಪರದೆಗಳು ಸೇರಿ ತಿನ್ನುವುದು ಅದರ ನೂರಕ್ಕೆ ನಾಲ್ಕು ಪಾಲು. ಎರಡು ಮಾನಿಟರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಲೇಬೇಕು ಎನ್ನುವ ಮಾತಿಗೆ ಇಲ್ಲಿ ಯಾವ ಆಧಾರವೂ ಇಲ್ಲ. ಆಟಗಳ ಸಂಗತಿ ಬೇರೆ. ಅಲ್ಲಿ ಚಿತ್ರವನ್ನು ಕಳಿಸುವುದಕ್ಕಿಂತ ಬರೆಯುವುದೇ ಭಾರ. ವಿಡಿಯೊ ಎಡಿಟಿಂಗ್ ಮಾಡುವವರದ್ದೂ ಬೇರೆ ಲೆಕ್ಕ. ಅವರು ಈ ಲೇಖನವನ್ನು ಇಲ್ಲಿಗೇ ಬಿಡಬಹುದು.

ಚಿತ್ರ ಹುಟ್ಟುವ ಜಾಗ

ಹೆಚ್ಚಿನ ಇಂಟೆಲ್ ಪ್ರೊಸೆಸರ್‌ಗಳ ಒಳಗೇ ಚಿತ್ರ ಮೂಡಿಸುವ ಭಾಗ ಇರುತ್ತದೆ. 2011ರ ಎರಡನೇ ತಲೆಮಾರಿನವು ಎರಡು ಪರದೆಗಳನ್ನು ನಡೆಸುತ್ತಿದ್ದವು. 2012ರ ಮೂರನೇ ತಲೆಮಾರಿನಿಂದ ಈ ಸಾಮರ್ಥ್ಯ ಮೂರಕ್ಕೆ ಏರಿತು. ಹೀಗಾಗಿ ಹತ್ತು ವರ್ಷ ಹಳೆಯ ಕಚೇರಿ ಕಂಪ್ಯೂಟರಿಗೂ ಎರಡನೇ ಮಾನಿಟರ್ ಹೊಸ ವಿಷಯವೇನಲ್ಲ. ಹಿಂಭಾಗದಲ್ಲಿ ಎರಡು ಕಿಂಡಿ ಇದ್ದರೆ ಎರಡೂ ಕೆಲಸ ಮಾಡುತ್ತವೆ. ಒಂದು ನೀಲಿ ಬಣ್ಣದ ವಿಜಿಎ, ಇನ್ನೊಂದು ಎಚ್‌ಡಿಎಂಐ ಆಗಿದ್ದರೂ ಅಡ್ಡಿಯಿಲ್ಲ. ಎರಡೂ ಒಂದೇ ಜಾತಿಯವಾಗಿರಬೇಕೆಂಬ ನಿಯಮವಿಲ್ಲ.

ಹೊಸದಾಗಿ ಕಟ್ಟಿಸುವಾಗ ಮೋಸ ಹೋಗುವ ಜಾಗ ಒಂದಿದೆ: ಕೊಟೇಶನ್ ಚೀಟಿಯ ಮೊದಲ ಸಾಲು. ಅಲ್ಲಿ ಪ್ರೊಸೆಸರಿನ ಹೆಸರು ಐ3-12100 ಎಂದಿದೆಯೋ, ಐ3-12100ಎಫ್ ಎಂದಿದೆಯೋ ಎಂದು ಕಣ್ಣಿಟ್ಟು ಓದಿ. ಆ ಕೊನೆಯ ಎಫ್ ಇದ್ದರೆ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಭಾಗ ಇಲ್ಲವೆಂದೇ ಅರ್ಥ. ಮದರ್‌ಬೋರ್ಡಿನ ಮೇಲೆ ಎಚ್‌ಡಿಎಂಐ ಕಿಂಡಿ ಇದ್ದರೂ ಅದರಿಂದ ಏನೂ ಬರುವುದಿಲ್ಲ. ಎಫ್ ಪ್ರೊಸೆಸರ್ ತುಸು ಅಗ್ಗ. ಆ ಉಳಿತಾಯ ತೋರಿಸಿ, ಬಳಿಕ "ಡಿಸ್‌ಪ್ಲೇಗೆ ಕಾರ್ಡ್ ಬೇಕಾಗುತ್ತದೆ" ಎಂದು ಜಿಟಿ 710ರಂಥ ಕಾರ್ಡನ್ನು ಸೇರಿಸಿದರೆ ಒಟ್ಟು ಬೆಲೆ ಏರುತ್ತದೆ, ಸಿಗುವುದು ಕಡಿಮೆಯಾಗುತ್ತದೆ. ಆ ಕಾರ್ಡ್ 2014ರ ಕಾಲದ ತಂತ್ರಜ್ಞಾನ. 12100ರ ಒಳಗಿರುವ ಗ್ರಾಫಿಕ್ಸ್ ಭಾಗ ಅದಕ್ಕಿಂತ ಹೊಸದು, ವಿಡಿಯೊ ತೋರಿಸುವುದರಲ್ಲಿ ಅದಕ್ಕಿಂತ ಚುರುಕು. ಇನ್ನೊಂದು ಪ್ರೊಸೆಸರ್ ಕಂಪನಿಯಾದ ಎಎಂಡಿಯಲ್ಲಿ ಇದೇ ಮಾತು ತಿರುವುಮುರುವು. ರೈಜೆನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿ ಎಂದಿದ್ದರೆ ಇದೆ. 7000 ಸರಣಿಯಿಂದ ಈಚೆಗೆ ಹೆಚ್ಚಿನವುಗಳಲ್ಲಿ ಸಾಧಾರಣ ಮಟ್ಟದ್ದು ಇದ್ದೇ ಇರುತ್ತದೆ, ಅಲ್ಲಿಯೂ ಎಫ್ ಅಂಟಿಕೊಂಡಿದ್ದರೆ ಇಲ್ಲ.

ಹಾಗಾದರೆ ಕಾರ್ಡ್ ಯಾವಾಗ ಬೇಕು? ಇರುವ ಮಷೀನು ಚೆನ್ನಾಗಿದ್ದು ಅದರಲ್ಲಿ ಒಂದೇ ಪೋರ್ಟ್ ಇದ್ದಾಗ, ಅಥವಾ ಈಗಾಗಲೇ ಎಫ್ ಪ್ರೊಸೆಸರ್ ಕೊಂಡಾಗಿದ್ದಾಗ. ಆಗಲೂ ಎರಡು ಪೋರ್ಟ್ ಇರುವ ಜಿಟಿ 1030ರಂಥ ಸಣ್ಣ ಕಾರ್ಡ್ ಸಾಕು. ಅದು ಎಳೆಯುವುದು ಸುಮಾರು 30 ವ್ಯಾಟ್, ಬೇರೆ ವಿದ್ಯುತ್ ತಂತಿಯನ್ನು ಕೇಳುವುದಿಲ್ಲ. ಕಾರ್ಡ್ ಹಾಕಿದ ಮೇಲೆ ಮಾನಿಟರಿನ ತಂತಿ ಕಾರ್ಡಿಗೇ ಹೋಗಬೇಕು. ಬಹಳಷ್ಟು ಬೋರ್ಡುಗಳು ಕಾರ್ಡ್ ಕಂಡ ಕೂಡಲೇ ತಮ್ಮ ಸ್ವಂತ ಪೋರ್ಟುಗಳನ್ನು ಮಲಗಿಸಿಬಿಡುತ್ತವೆ. ಎರಡೂ ಕಡೆಯಿಂದ ಚಿತ್ರ ಬೇಕಿದ್ದರೆ ಬಯೋಸ್ (ವಿಂಡೋಸ್ ಶುರುವಾಗುವ ಮುನ್ನ ತೆರೆಯುವ ಮೂಲ ಸೆಟ್ಟಿಂಗ್ ಪುಟ) ಒಳಗೆ ಹೋಗಿ ಒಳ ಗ್ರಾಫಿಕ್ಸನ್ನು ಎಚ್ಚರವಾಗಿಡುವ ಆಯ್ಕೆಯನ್ನು ಆನ್ ಮಾಡಬೇಕು. ಮಾನಿಟರ್ ಸತ್ತಿದೆ ಎಂದು ರಿಪೇರಿಗೆ ಹೊತ್ತು ತಂದವರಿಗೆ ತಂತಿಯನ್ನು ಒಂದು ಗೇಣು ಕೆಳಗಿನ ಕಿಂಡಿಗೆ ಬದಲಿಸಿಕೊಟ್ಟು ಕಳಿಸುವುದು ರಿಪೇರಿಯವರಿಗೆ ಮಾಮೂಲು.

ತಂತಿಗೂ ದಿಕ್ಕಿದೆ

ಇಡೀ ವಿಷಯದಲ್ಲಿ ಹೆಚ್ಚು ಗೊಂದಲ ಇರುವುದು, ಹೆಚ್ಚು ಸಣ್ಣ ಸಣ್ಣ ಮೊತ್ತ ಪೋಲಾಗುವುದು ಕೇಬಲ್‌ಗಳಲ್ಲಿ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ವಿಜಿಎ 1987ರದ್ದು. ಹದಿನೈದು ಪಿನ್ನಿನ ಆ ಕಿಂಡಿಯಿಂದ ಹೊರಬರುವುದು ಅನಲಾಗ್ ಸಂಕೇತ. ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್‌ಗಳಿಂದ ಬರುವುದು ಡಿಜಿಟಲ್. ಒಳ್ಳೆಯ, ಗಿಡ್ಡ ತಂತಿ ಇದ್ದರೆ ವಿಜಿಎ ಕೂಡ ಫುಲ್ ಎಚ್‌ಡಿ ಚಿತ್ರವನ್ನು ಓದುವ ಹಾಗೆ ತೋರಿಸುತ್ತದೆ. ತೆಳ್ಳಗಿನ ಅಗ್ಗದ ತಂತಿಯಾದರೆ ಅಕ್ಷರಗಳ ಬಲಗಡೆ ಮಂಕು ನೆರಳು ಬೀಳುತ್ತದೆ. ಆಗ ಮಾನಿಟರಿನ ಆಟೋ ಅಡ್ಜಸ್ಟ್ ಗುಂಡಿ ಒಮ್ಮೆ ಒತ್ತಿ ನೋಡಿ, ಅರ್ಧ ಸಮಸ್ಯೆ ಹೋಗುತ್ತದೆ.

ಕಂಪನಿಗಳಲ್ಲಿ ಬಳಸಿ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪ್‌ಗಳ ಹಿಂದೆ ಹೆಚ್ಚಾಗಿ ಕಾಣುವುದು ಡಿಸ್‌ಪ್ಲೇಪೋರ್ಟ್. ಒಂದು ಮೂಲೆ ಮಾತ್ರ ಕತ್ತರಿಸಿದ ಉದ್ದನೆಯ ಕಿಂಡಿ. ಅಗ್ಗದ ಮಾನಿಟರ್‌ಗಳಲ್ಲಿ ಇರುವುದು ಎಚ್‌ಡಿಎಂಐ ಮತ್ತು ವಿಜಿಎ. ಆದ್ದರಿಂದ ನಡುವೆ ಬದಲಾವಣೆಯ ತಂತಿ ಬೇಕು. ಈ ಮಷೀನುಗಳ ಡಿಸ್‌ಪ್ಲೇಪೋರ್ಟ್‌ಗಳು ಸಾಮಾನ್ಯವಾಗಿ ಎಚ್‌ಡಿಎಂಐ ಸಂಕೇತವನ್ನೂ ತಾವೇ ಹೊರಡಿಸಬಲ್ಲವು. ಕಿಂಡಿಯ ಪಕ್ಕ ಎರಡು ಪ್ಲಸ್ ಗುರುತುಗಳಿದ್ದರೆ ಅದೇ ಅದರ ಸೂಚನೆ. ಹೀಗಾಗಿ ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಸಾದಾ ತಂತಿ ಅಗ್ಗ, ನಂಬಿಕೆಗೂ ಅರ್ಹ. ಆದರೆ ಅದು ಒಮ್ಮುಖ. ಡಿಸ್‌ಪ್ಲೇಪೋರ್ಟ್ ತುದಿ ಕಂಪ್ಯೂಟರಿಗೆ, ಎಚ್‌ಡಿಎಂಐ ತುದಿ ಮಾನಿಟರಿಗೆ. ಲ್ಯಾಪ್‌ಟಾಪಿನ ಎಚ್‌ಡಿಎಂಐನಿಂದ ಡಿಸ್‌ಪ್ಲೇಪೋರ್ಟ್ ಮಾತ್ರ ಇರುವ ಮಾನಿಟರಿಗೆ ಅದೇ ತಂತಿಯನ್ನು ತಿರುಗಿಸಿ ಚುಚ್ಚಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ಆ ದಿಕ್ಕಿಗೆ ಒಳಗೆ ಚಿಪ್ ಇರುವ, ಯುಎಸ್‌ಬಿಯಿಂದ ವಿದ್ಯುತ್ ಪಡೆಯುವ ಪರಿವರ್ತಕ ಬೇಕು, ಅದರ ಬೆಲೆ ಹೆಚ್ಚು. ಪ್ಯಾಕೆಟ್ಟಿನ ಮೇಲೆ ಎರಡು ಹೆಸರುಗಳಲ್ಲಿ ಯಾವುದು ಮೊದಲು ಬರೆದಿದೆ ಎಂಬುದೇ ದಿಕ್ಕು. ಕೌಂಟರಿನಲ್ಲಿ ನಿಂತಾಗಲೇ ಅದನ್ನು ಓದಿಕೊಳ್ಳಿ.

ಎಚ್‌ಡಿಎಂಐನಿಂದ ವಿಜಿಎಗೆ ಹೋಗುವ ಪುಟ್ಟ ಡಬ್ಬಿಯಲ್ಲಿಯೂ ಚಿಪ್ ಇದೆ, ಡಿಜಿಟಲನ್ನು ಅನಲಾಗ್ ಮಾಡಬೇಕಲ್ಲ. ಮನೆಯಲ್ಲಿ ಬಿದ್ದಿರುವ ಹಳೆಯ ಹದಿನೆಂಟೂವರೆ ಇಂಚಿನ ಮಾನಿಟರನ್ನು ಬಳಕೆಗೆ ತರಲು ಇದು ಸುಲಭ ದಾರಿ. ಆದರೆ ಎಚ್‌ಡಿಎಂಐ ಕಿಂಡಿ ಕೊಡುವ ವಿದ್ಯುತ್ ಅತ್ಯಲ್ಪ. ಚಿತ್ರ ಆಗಾಗ ಮಾಯವಾಗುತ್ತಿದ್ದರೆ ಪಕ್ಕದಲ್ಲಿ ಪ್ರತ್ಯೇಕ ಯುಎಸ್‌ಬಿ ವಿದ್ಯುತ್ ಕಿಂಡಿ ಇರುವ ಡಬ್ಬಿಯನ್ನೇ ಕೇಳಿ.

ಇನ್ನು ಸ್ಪ್ಲಿಟರ್. ಕೆಲವು ನೂರು ರೂಪಾಯಿಗೆ ಸಿಗುವ ಇದನ್ನು ಎರಡು ಮಾನಿಟರಿನ ಪರಿಹಾರವೆಂದು ನಂಬಿ ಕೊಳ್ಳುವವರು ಬಹಳ. ಒಂದೇ ನಲ್ಲಿಗೆ ಎರಡು ಪೈಪು ಹಚ್ಚಿದರೆ ಎರಡರಲ್ಲೂ ಅದೇ ನೀರು ಬರುವಂತೆ, ಸ್ಪ್ಲಿಟರ್‌ನಿಂದ ಎರಡೂ ಪರದೆಯಲ್ಲಿ ಅದೇ ಚಿತ್ರ ಬರುತ್ತದೆ. ಗ್ರಾಹಕರ ಕಡೆಗೊಂದು ಪರದೆ ತಿರುಗಿಸಿಟ್ಟು ಬಿಲ್ಲು ತೋರಿಸಬೇಕಾದ ಅಂಗಡಿಗೆ ಇದು ಉಪಯುಕ್ತ. ಟ್ಯಾಲಿ ಒಂದು ಕಡೆ, ಪೋರ್ಟಲ್ ಇನ್ನೊಂದು ಕಡೆ ಬೇಕೆನ್ನುವವರಿಗೆ ಕಸ.

ಲ್ಯಾಪ್‌ಟಾಪ್ ಇರುವವರು ತಮ್ಮಲ್ಲಿ ಒಂದು ಪರದೆ ಆಗಲೇ ಇದೆ ಎಂಬುದನ್ನು ಮರೆಯುತ್ತಾರೆ. ಒಂದು ಮಾನಿಟರ್, ಒಂದು ಎಚ್‌ಡಿಎಂಐ ತಂತಿ, ಲ್ಯಾಪ್‌ಟಾಪನ್ನು ಕಣ್ಣಿನ ಮಟ್ಟಕ್ಕೆ ಏರಿಸಲು ಏನಾದರೊಂದು ಎತ್ತರ, ಅಷ್ಟಕ್ಕೆ ಕೆಲಸ ಮುಗಿಯಿತು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಲ್ಯಾಪ್‌ಟಾಪಿನ ಹೊರಗೆ ಎರಡು ಮಾನಿಟರ್ ಬೇಕೆಂದರೆ ಟೈಪ್-ಸಿ ಕಿಂಡಿಯನ್ನು ಪರೀಕ್ಷಿಸಬೇಕು. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಆ ಕಿಂಡಿ ಬರೀ ಡೇಟಾಕ್ಕೆ ಇರುವುದೇ ಹೆಚ್ಚು. ಚಿತ್ರವನ್ನೂ ಸಾಗಿಸುವಂಥದ್ದಾದರೆ ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್ ಚಿಹ್ನೆಯೋ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತೋ ಇರುತ್ತದೆ. ಗುರುತಿಲ್ಲದಿದ್ದರೆ ಮಾಡೆಲ್ ಸಂಖ್ಯೆ ಹಾಕಿ ತಯಾರಕರ ತಾಣದಲ್ಲಿ ನೋಡುವುದು ಒಳಿತು. ಆ ಕಿಂಡಿ ಚಿತ್ರ ಸಾಗಿಸದಿದ್ದರೆ ಡಿಸ್‌ಪ್ಲೇಲಿಂಕ್ ಚಿಪ್ ಇರುವ ಯುಎಸ್‌ಬಿ ಪರಿವರ್ತಕ ಉಳಿಯಿತು. ಅದು ಚಿತ್ರವನ್ನು ಪ್ರೊಸೆಸರಿನ ಕೈಯಲ್ಲೇ ಕುಗ್ಗಿಸಿ ಕಳಿಸುತ್ತದೆ, ಬೇರೆ ಡ್ರೈವರ್ ಬೇಡುತ್ತದೆ. ಅಂಕಿ, ಅಕ್ಷರಕ್ಕೆ ಪರವಾಗಿಲ್ಲ, ಯೂಟ್ಯೂಬ್ ನೋಡಹೊರಟರೆ ಎಡವುತ್ತದೆ.

ಹಳೆಯ ಮಷೀನಿನ ಪರವಾಗಿ

ಎರಡು ಪರದೆ ಬಂದ ಮೇಲೆ ಮನುಷ್ಯ ಹೆಚ್ಚು ಪುಟಗಳನ್ನು ತೆರೆದಿಡುತ್ತಾನೆ. ತೂಕ ಬೀಳುವುದು ಅಲ್ಲಿ. ಟ್ಯಾಲಿ ಹಗುರ. ಇಪ್ಪತ್ತು ಟ್ಯಾಬ್ ತೆರೆದ ಬ್ರೌಸರ್ ಹಗುರವಲ್ಲ. ಹಾಗಾಗಿ ಗ್ರಾಫಿಕ್ಸ್ ಕಾರ್ಡಿನಿಂದ ಉಳಿಸಿದ ದುಡ್ಡನ್ನು 16 ಜಿಬಿ ರ‍್ಯಾಮಿಗೆ ಮತ್ತು ವೇಗದ ಸಂಗ್ರಹ ಡಿಸ್ಕಾದ ಎಸ್‌ಎಸ್‌ಡಿಗೆ ಹಾಕಬೇಕು. ಎಂಟು ಜಿಬಿಯಲ್ಲಿ ಕೆಲಸ ನಡೆಯುತ್ತದೆ, ಆದರೆ ತಾಳ್ಮೆ ಬೇಕು. 16ನ್ನು ಒಂದೇ ಪಟ್ಟಿಯಾಗಿ ಕೊಳ್ಳುವ ಬದಲು ಎಂಟರ ಎರಡು ಪಟ್ಟಿ ಹಾಕಿದರೆ ಸಾಗಣೆಯ ದಾರಿ ಎರಡಾಗುತ್ತದೆ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ಅದಕ್ಕೂ ಅನುಕೂಲ.

ತೊಡಕೆಂದರೆ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಗಗನಕ್ಕೇರಿತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳ ಬೇಡಿಕೆ ಜಗತ್ತಿನಾದ್ಯಂತ ಮೆಮೊರಿ ಚಿಪ್‌ಗಳನ್ನು ಸೆಳೆದುಕೊಂಡಿತು. ಇದರಿಂದ ಹೊಸದನ್ನು ಕಟ್ಟಿಸುವುದು ದುಬಾರಿಯಾಗಿ, ಒಳಗೆ ಈಗಾಗಲೇ 16 ಜಿಬಿ ಇರುವ ಹಳೆಯ ಕಂಪನಿ ಮಷೀನು ಇನ್ನಷ್ಟು ಲಾಭದಾಯಕವಾಗಿದೆ. ಬೆಂಗಳೂರು, ಹೈದರಾಬಾದಿನ ಕಚೇರಿಗಳು ಗುತ್ತಿಗೆ ಮುಗಿದ ಕಂಪ್ಯೂಟರ್‌ಗಳನ್ನು ಸಗಟಾಗಿ ಬಿಡುತ್ತವೆ. ಅವು ಮಾರುಕಟ್ಟೆಗೆ ಬಂದು, ಒರೆಸಿ, ಎಸ್‌ಎಸ್‌ಡಿ ಹಾಕಿ ಮಾರಾಟವಾಗುತ್ತವೆ. ಕಲಬುರಗಿಯಿಂದ ಹೈದರಾಬಾದ್ ಹತ್ತಿರವೆಂದು ಕೆಲವರು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೇ ಹೋಗಿ ತರುತ್ತಾರೆ. ನನ್ನ ಮಟ್ಟಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಊರಿನ ಅಂಗಡಿಯೇ ಮೇಲು. ಕೆಟ್ಟಾಗ ಕೈಯಲ್ಲಿ ಹಿಡಿದುಕೊಂಡು ಹೋಗಬಹುದಾದ ದೂರದಲ್ಲಿ ಇರುತ್ತದೆ.

ಹಳೆಯದೆಂದರೆ ಎಷ್ಟು ಹಳೆಯದು? ಗೆರೆ ಎಳೆದಿರುವುದು ವಿಂಡೋಸ್ 11. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಮುಂದಿನ ಪ್ರೊಸೆಸರ್‌ಗಳನ್ನು. ಐ5-7500 ಎಂದರೆ ಏಳು, ಹೊರಗೆ. ಐ5-8500 ಎಂದರೆ ಎಂಟು, ಒಳಗೆ. ನಾಲ್ಕಂಕಿಯಲ್ಲಿ ಮೊದಲ ಅಂಕಿ, ಐದಂಕಿಯಲ್ಲಿ ಮೊದಲೆರಡು ಅಂಕಿ ತಲೆಮಾರನ್ನು ಹೇಳುತ್ತವೆ. ಏಳಕ್ಕೂ ಎಂಟಕ್ಕೂ ಇನ್ನೊಂದು ವ್ಯತ್ಯಾಸವಿದೆ: 7500ರಲ್ಲಿ ನಾಲ್ಕು ಕೋರ್, 8500ರಲ್ಲಿ ಆರು. ಡೆಲ್ ಆಪ್ಟಿಪ್ಲೆಕ್ಸ್ 7060, ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ4, ಲೆನೊವೊ ಥಿಂಕ್‌ಸೆಂಟರ್ ಎಂ720 ಇವೆಲ್ಲ ಈ ಕಾಲದವು, ಹಿಂದೆ ಕನಿಷ್ಠ ಎರಡು ಡಿಜಿಟಲ್ ಪೋರ್ಟ್ ಇರುವುದು ರೂಢಿ. "ಐ5 ಇದೆ ಸರ್" ಎಂಬಷ್ಟಕ್ಕೆ ತಲೆಯಾಡಿಸಬೇಡಿ. ಆರನೇ ತಲೆಮಾರಿನದೂ ಐ5ಯೇ.

ಇವು ಮೂರು ಗಾತ್ರಗಳಲ್ಲಿ ಸಿಗುತ್ತವೆ. ದೊಡ್ಡ ಟವರ್, ತೆಳ್ಳಗಿನ ಪೆಟ್ಟಿಗೆ, ಪುಸ್ತಕದಷ್ಟೇ ಇರುವ ಮಿನಿ. ಪೇಟೆಯಲ್ಲಿ ಹೆಚ್ಚು ಕಾಣುವುದು ತೆಳ್ಳಗಿನದು, ಆದರೆ ಅದರ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಕಂಪನಿಯದ್ದೇ ಆಕಾರದ್ದು. ಅದು ಸುಟ್ಟರೆ ಅಂಗಡಿಯ ಕಪಾಟಿನಲ್ಲಿರುವ ಸಾಮಾನ್ಯ ಎಸ್‌ಎಂಪಿಎಸ್ ಅದರಲ್ಲಿ ಕೂರುವುದಿಲ್ಲ, ಬೇರೆ ಊರಿನಿಂದ ಬರುವವರೆಗೆ ಕೆಲಸ ನಿಂತಿತು. ಮಿನಿಯದ್ದು ಲ್ಯಾಪ್‌ಟಾಪಿನಂಥದೇ ಹೊರಗಿನ ಅಡಾಪ್ಟರ್. ಅದೇ ಕಂಪನಿಯ, ಅದೇ ವೋಲ್ಟೇಜ್ ಮತ್ತು ವ್ಯಾಟಿನ ಅಡಾಪ್ಟರ್ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಈ ಒಂದೇ ಕಾರಣಕ್ಕೆ ನಾನು ಮಿನಿಗೆ ಮೊದಲ ಮತ ಹಾಕುತ್ತೇನೆ. ಅದರೊಳಗೆ ಕಾರ್ಡ್ ಹಾಕಲು ಸಾಮಾನ್ಯವಾಗಿ ಜಾಗವಿಲ್ಲ ನಿಜ, ಆದರೆ ನಮಗೆ ಕಾರ್ಡ್ ಬೇಡವೆಂದು ಆಗಲೇ ತೀರ್ಮಾನವಾಗಿದೆ.

ದುಡ್ಡು ಕೊಡುವ ಮುನ್ನ ಅಂಗಡಿಯಲ್ಲೇ ಎರಡು ಮಾನಿಟರ್ ಜೋಡಿಸಿ, ಎರಡರಲ್ಲೂ ಬೇರೆ ಬೇರೆ ಪುಟ ತೆರೆದು ತೋರಿಸಲು ಹೇಳಿ. ಒಂದು ಪೋರ್ಟ್ ಸತ್ತಿರುವ ಹಳೆಯ ಬೋರ್ಡ್ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಬಯೋಸ್‌ಗೆ ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿದೆಯೇ, ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವೇಟ್ ಆಗಿದೆ ಎಂದು ತೋರಿಸುತ್ತದೆಯೇ ನೋಡಿ. ಪ್ರೊಸೆಸರ್ ಮೇಲಿನ, ಶಾಖ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿರುವ ಸಂಭವ ಹೆಚ್ಚು, ಹೊಸದಾಗಿ ಹಚ್ಚಿಸಿಕೊಳ್ಳಿ. ನೀವು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಯಾದರೆ ಪಕ್ಕಾ ಬಿಲ್ಲು ಕೇಳುವುದನ್ನು ಬಿಡಬೇಡಿ. ಹೊಸ ಮಾನಿಟರಿನ ಮೇಲಿನ 18 ಪ್ರತಿಶತ ತೆರಿಗೆಯನ್ನು ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆಯಾಗಿ (ಐಟಿಸಿ) ಹಿಂಪಡೆಯಬಹುದು.

ಮಾನಿಟರ್: ಥ ಮತ್ತು ಧ

ಹೊಸ ಇಪ್ಪತ್ತೆರಡು ಇಂಚಿನ ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಪರದೆಯ) ಮಾನಿಟರ್ ಒಂದಕ್ಕೆ ಏಳೆಂಟು ಸಾವಿರದ ಆಸುಪಾಸು. ಇಂಗ್ಲಿಷ್ ಅಂಕಿಗಳಷ್ಟೇ ನೋಡುವವರಿಗೆ ಯಾವುದಾದರೂ ಆದೀತು. ಕನ್ನಡದಲ್ಲಿ ಡಿಟಿಪಿ ಮಾಡುವವರು, ಕಂದಾಯ ದಾಖಲೆ ಓದುವವರು ಇನ್ನೊಂದು ಅಳತೆಯನ್ನು ನೋಡಬೇಕು: ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ. ಹದಿನೆಂಟೂವರೆ ಇಂಚಿನ ಹಳೆಯ 1366 ಗುಣಿಸು 768 ಪರದೆಯಲ್ಲಿ ಅದು ಸುಮಾರು 85. ಇಪ್ಪತ್ತೊಂದೂವರೆ ಇಂಚಿನ ಫುಲ್ ಎಚ್‌ಡಿಯಲ್ಲಿ 102. ಇಪ್ಪತ್ನಾಲ್ಕು ಎಂದು ಮಾರುವ 23.8 ಇಂಚಿನದರಲ್ಲಿ 93ರಷ್ಟು. ಇಪ್ಪತ್ತೇಳು ಇಂಚಿನ ಫುಲ್ ಎಚ್‌ಡಿ ನೋಡಲು ಭರ್ಜರಿ, ಆದರೆ ಅಲ್ಲಿ ಅದು 82ಕ್ಕೆ ಇಳಿಯುತ್ತದೆ.

ಇದರ ಪರಿಣಾಮ ಕಾಣಬೇಕಿದ್ದರೆ ಸಣ್ಣ ಅಕ್ಷರದಲ್ಲಿ "ಅರ್ಥ", "ಅರ್ಧ" ಎಂದು ಅಕ್ಕಪಕ್ಕ ಟೈಪ್ ಮಾಡಿ ನೋಡಿ. ಎರಡರ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಚುಕ್ಕೆಗಳು ವಿರಳವಾದ ಪರದೆಯಲ್ಲಿ ಅದು ಅಕ್ಷರದ ಗೆರೆಗೆ ಅಂಟಿಕೊಂಡು ಕರಗಿಹೋಗುತ್ತದೆ. ಕನ್ನಡ ಅಕ್ಷರದ ಕೆಳಗೆ ಒತ್ತಕ್ಷರವೂ ಇಳಿಯುವುದರಿಂದ ಅದಕ್ಕೆ ಉಳಿಯುವ ಚುಕ್ಕೆಗಳು ಕೆಲವೇ. "ಸ್ವಾತಂತ್ರ್ಯ" ಎಂಬ ಪದದ ಕೊನೆಯ ಅಕ್ಷರ ಅಗ್ಗದ ದೊಡ್ಡ ಪರದೆಯಲ್ಲಿ ಗಂಟಿನಂತೆ ಕಾಣುತ್ತದೆ. ಕರಡು ತಿದ್ದುವವರಿಗೆ ಒಂದು ದೊಡ್ಡ ಮಾನಿಟರಿಗಿಂತ ಇಪ್ಪತ್ತೆರಡರ ಎರಡು ಮಾನಿಟರ್ ಒಳ್ಳೆಯದು ಎನ್ನುವುದು ಇದಕ್ಕೇ.

ಇಪ್ಪತ್ನಾಲ್ಕು ಇಂಚಿನದಕ್ಕೆ ಒಂದು ಅನುಕೂಲವಿದೆ. ಅದರ ಎತ್ತರ ಸುಮಾರು 29.6 ಸೆಂಟಿಮೀಟರ್, ಎ4 ಹಾಳೆಯ ಉದ್ದ 29.7. ತಿರುಗುವ ಸ್ಟ್ಯಾಂಡ್ ಇದ್ದು ಮಾನಿಟರನ್ನು ನಿಲ್ಲಿಸಿದರೆ ಇಡೀ ಹಾಳೆ ನಿಜವಾದ ಅಳತೆಯಲ್ಲಿ ಕಂಡು, ಸುತ್ತ ಇನ್ನೂ ಜಾಗ ಉಳಿಯುತ್ತದೆ. ಲಗ್ನಪತ್ರಿಕೆ, ಕರಪತ್ರ ಮಾಡುವ ಅಂಗಡಿಗಳಿಗೆ ಇದು ಯೋಚಿಸಬೇಕಾದ ಸಂಗತಿ. ಸ್ಟ್ಯಾಂಡ್ ತಿರುಗದಿದ್ದರೂ ಹಿಂಭಾಗದಲ್ಲಿ 75 ಅಥವಾ 100 ಮಿಲಿಮೀಟರ್ ಅಂತರದ ನಾಲ್ಕು ತೂತುಗಳಿದ್ದರೆ ಮುಂದೆ ಮಾನಿಟರ್ ಹಿಡಿಯುವ ತೋಳು ಹಾಕಿಸಬಹುದು.

ಐಪಿಎಸ್ ಬೇಕೆನ್ನಲು ಕಾರಣ, ಎರಡನೇ ಪರದೆಯನ್ನು ನಾವು ಯಾವಾಗಲೂ ಓರೆಯಾಗಿಯೇ ನೋಡುತ್ತೇವೆ. ಹಳೆಯ ಟಿಎನ್ ಪರದೆಗಳಲ್ಲಿ ಓರೆಯಿಂದ ಬಣ್ಣ ಬದಲಾಗಿ ಕಾಣುತ್ತದೆ. ಮನೆಯ ಹಳೆಯ ಮೂವತ್ತೆರಡು ಇಂಚಿನ ಟಿವಿಯನ್ನು ಮಾನಿಟರ್ ಮಾಡುವ ಆಸೆ ಹಲವರಿಗೆ. ಅವುಗಳಲ್ಲಿ ಬಹಳಷ್ಟು 1366 ಗುಣಿಸು 768ರವು, ಒಂದು ಇಂಚಿಗೆ ಐವತ್ತು ಚುಕ್ಕೆಯೂ ಇಲ್ಲ. ದೂರದಿಂದ ಸಿನಿಮಾ ನೋಡಲು ಸರಿ.

ಕರೆಂಟು, ಅರ್ಥಿಂಗ್, ಮೇ ತಿಂಗಳು

ಕಲಬುರಗಿಯ ಬೇಸಿಗೆಯಲ್ಲಿ ಪಾದರಸ 42 ಡಿಗ್ರಿ ದಾಟುವುದು ಸಾಮಾನ್ಯ. ಕೋಣೆಯೊಳಗೆ ಫ್ಯಾನ್ ಮಾತ್ರ ಇದ್ದರೆ ಕಂಪ್ಯೂಟರ್ ಉಸಿರಾಡುವುದೂ ಅದೇ ಬಿಸಿ ಗಾಳಿಯನ್ನು. ಮಿನಿಯನ್ನು ಮಾನಿಟರಿನ ಬೆನ್ನಿಗೆ ಕಟ್ಟಿ ಗೋಡೆಗೆ ಒತ್ತಿಡುವ ಅಲಂಕಾರ ಬೇಡ. ಸುತ್ತ ಗಾಳಿಯಾಡಲಿ, ಬೇಸಿಗೆಗೆ ಮುನ್ನ ಒಮ್ಮೆ ಧೂಳು ಊದಿಸಿ.

ಎರಡನೇ ಮಾನಿಟರಿನ ಕರೆಂಟು ಖರ್ಚಿಗೆ ಹೆದರುವುದು ಬೇಡ. ಸುಮಾರು 20 ವ್ಯಾಟ್. ದಿನಕ್ಕೆ ಹತ್ತು ಗಂಟೆ ಉರಿದರೂ ತಿಂಗಳಿಗೆ ಆರು ಯೂನಿಟ್. ಇಡೀ ಜೋಡಣೆ ಸೇರಿ ಕಚೇರಿ ಕೆಲಸದಲ್ಲಿ ನೂರು ವ್ಯಾಟ್ ಆಸುಪಾಸು ಇರುತ್ತದೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ವರೆಗೆ ಹೊರುತ್ತದೆ, ಆದ್ದರಿಂದ ಎರಡೂ ಮಾನಿಟರನ್ನು ಅದಕ್ಕೇ ಕೊಡಿ. ಬ್ಯಾಟರಿ ಹೊಸದಿದ್ದರೆ ಫೈಲ್ ಉಳಿಸಿ ಮುಚ್ಚಲು ಬೇಕಾದಷ್ಟು ಸಮಯ ಸಿಗುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಚುಚ್ಚಬೇಡಿ. ಒಳಗಿನ ಬಿಸಿ ರೋಲರ್ ನೂರಾರು ವ್ಯಾಟ್ ಎಳೆದು ಯುಪಿಎಸ್ಸನ್ನು ಕೆಡಹುತ್ತದೆ. ಯುಪಿಎಸ್ ಬ್ಯಾಟರಿಯ ಆಯುಷ್ಯವನ್ನು ಬಿಸಿ ತಿನ್ನುತ್ತದೆ, ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಆಯುಷ್ಯ ಹೆಚ್ಚು ಕಡಿಮೆ ಅರ್ಧವಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ಬಿಸಿಲು ಬೀಳುವ ಕಿಟಕಿಯ ಕೆಳಗೆ ಅದನ್ನು ಇಡಬಾರದು. ಮನೆಯ ಇನ್ವರ್ಟರನ್ನೇ ನೆಚ್ಚಿಕೊಳ್ಳುವುದಾದರೆ ಅದರ ಹಿಂದಿರುವ ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಿರುಗಿಸಿ, ಇಲ್ಲವಾದರೆ ಕರೆಂಟು ಹೋದ ಕ್ಷಣಕ್ಕೆ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ಅರ್ಥಿಂಗ್ ಬಗ್ಗೆ ಯಾರೂ ಹೇಳುವುದಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ಗೆ ಭೂಮಿಯ ಸಂಪರ್ಕ ಸಿಗದಿದ್ದರೆ ಕ್ಯಾಬಿನೆಟ್ಟಿನ ಲೋಹದ ಮೇಲೆ ಲೈನಿನ ಅರ್ಧದಷ್ಟು, ಸುಮಾರು 115 ವೋಲ್ಟ್ ಬಂದು ಕೂರುತ್ತದೆ. ಪ್ರವಾಹ ಅತ್ಯಲ್ಪವಾದ್ದರಿಂದ ಕೈಗೆ ಜುಮ್ಮೆನ್ನುತ್ತದೆ ಅಷ್ಟೇ. ಆದರೆ ಬೇರೆ ಸಾಕೆಟ್ಟಿನಲ್ಲಿರುವ ಮಾನಿಟರಿಗೆ ಎಚ್‌ಡಿಎಂಐ ತಂತಿ ಚುಚ್ಚುವ ಗಳಿಗೆಯಲ್ಲಿ ಆ ವ್ಯತ್ಯಾಸ ಕಿಂಡಿಯ ಮೂಲಕವೇ ಹರಿದು ಪೋರ್ಟನ್ನು ಸುಡಬಲ್ಲದು. ಎರಡು ಮಾನಿಟರ್ ಎಂದರೆ ಅಪಾಯದ ಜಾಗಗಳೂ ಎರಡು. ಕಂಪ್ಯೂಟರ್ ಮತ್ತು ಎರಡೂ ಮಾನಿಟರ್‌ಗಳು ಒಂದೇ ಮೂರು ಪಿನ್ನಿನ ಬೋರ್ಡಿನಿಂದ ಕರೆಂಟು ಪಡೆಯಲಿ, ತಂತಿ ಜೋಡಿಸುವಾಗ ಎಲ್ಲದರ ಸ್ವಿಚ್ ಆಫ್ ಇರಲಿ. ಈ ಭಾಗದ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿಯ ಹಿಡಿತವೂ ಸಡಿಲವಾಗುತ್ತದೆ. ಮಾರ್ಚ್‌ನಿಂದ ಮಳೆ ಬರುವವರೆಗೆ ಆ ಗುಂಡಿಗೆ ಆಗಾಗ ನೀರು ಹಾಕುವ ಹಳೆಯ ಅಭ್ಯಾಸ ಸುಮ್ಮನೆ ಬಂದದ್ದಲ್ಲ.

ಜೋಡಿಸಿದ ಮೇಲೆ

ಎರಡೂ ಪರದೆಯಲ್ಲಿ ಒಂದೇ ಚಿತ್ರ ಬಂದರೆ ಗಾಬರಿ ಬೇಡ. ವಿಂಡೋಸ್ ಕೀ ಮತ್ತು ಪಿ ಒಟ್ಟಿಗೆ ಒತ್ತಿ ಎಕ್ಸ್‌ಟೆಂಡ್ ಆರಿಸಿ. ಮೌಸ್ ಬಲಗಡೆಯ ಮಾನಿಟರಿಗೆ ಹೋಗಲು ಎಡಗಡೆಯಿಂದ ಹೊರಡುತ್ತಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಕಾಣುವ 1, 2 ಎಂಬ ಚೌಕಗಳನ್ನು ಎಳೆದು ಮೇಜಿನ ಮೇಲಿರುವ ಕ್ರಮಕ್ಕೇ ಇಡಿ. ತೆರೆದಿರುವ ವಿಂಡೋವನ್ನು ಆಚೆ ಪರದೆಗೆ ದಾಟಿಸಲು ವಿಂಡೋಸ್, ಶಿಫ್ಟ್ ಮತ್ತು ಬಾಣದ ಕೀ ಸಾಕು. ಎರಡು ಮಾನಿಟರ್ ಬೇರೆ ಬೇರೆ ಗಾತ್ರದವಾಗಿದ್ದು ಒಂದರಲ್ಲಿ ಅಕ್ಷರ ದೊಡ್ಡದು, ಇನ್ನೊಂದರಲ್ಲಿ ಸಣ್ಣದು ಕಂಡರೆ ಸ್ಕೇಲ್ ಎಂಬಲ್ಲಿ ಒಂದೊಂದಕ್ಕೂ ಬೇರೆ ಪ್ರತಿಶತ ಕೊಡಬಹುದು. ಕನ್ನಡ ಟೈಪಿಂಗಿನ ಹಳೆಯ ನುಡಿ ತಂತ್ರಾಂಶ, ಪುಟ ವಿನ್ಯಾಸದ ಪೇಜ್‌ಮೇಕರ್ ಬಳಸುವವರು ಮಾತ್ರ ಎರಡರಲ್ಲೂ ನೂರನ್ನೇ ಇಟ್ಟುಕೊಳ್ಳುವುದು ಕ್ಷೇಮ. ಆ ಕಾಲದ ತಂತ್ರಾಂಶಗಳನ್ನು ಸ್ಕೇಲ್ ಬೇರೆಯಿರುವ ಪರದೆಗೆ ಎಳೆದರೆ ಅಕ್ಷರಗಳು ಮಸುಕಾಗುತ್ತವೆ, ಮೆನುಗಳು ಸ್ಥಾನ ತಪ್ಪಬಹುದು.